ಆಟಿಸಂ ಇರುವ ನಾವು ದೊಡ್ಡವರಾದೆವು: ಮುಂದೆ ಏನು ಮಾಡಬೇಕು ಅಂತಿದ್ದೀರಿ?

ಕರಡು_ತಿದ್ದುವವ (ಮೈಸೂರು)

ಎಲ್ಲರಿಗೂ ನಮಸ್ಕಾರ. ನನಗೆ 33 ವರ್ಷ. ಆಟಿಸಂ (ಹುಟ್ಟಿನಿಂದಲೇ ಮಿದುಳು ಬೇರೆ ಥರ ಕೆಲಸ ಮಾಡುವುದು) ಇದೆ ಅಂತ ಗೊತ್ತಾಗಿದ್ದು 29ಕ್ಕೆ. ಹೋದ ಭಾನುವಾರ ನೆಂಟರ ಮನೆ ಗೃಹಪ್ರವೇಶದಲ್ಲಿ ಚಿಕ್ಕಪ್ಪ ಕೇಳಿದರು, "ಮುಂದಕ್ಕೆ ಏನಪ್ಪಾ ಮಾಡಬೇಕು ಅಂತಿದ್ದೀಯ?" ಪ್ರೀತಿಯಿಂದಲೇ ಕೇಳಿದ್ದು. ಆದರೆ ಸುತ್ತ ಪಂಕ್ತಿ ಊಟದ ಗದ್ದಲ, ಸ್ಟೀಲ್ ಬಕೆಟ್ ಸದ್ದು. ನನಗೆ ಮಾತೇ ಹೊರಡಲಿಲ್ಲ. ರಾತ್ರಿ ಮನೆಗೆ ಬಂದು ಉತ್ತರ ಬರೆದೆ. ಅದನ್ನೇ ಇಲ್ಲಿ ಹಾಕುತ್ತಿದ್ದೇನೆ. ನೀವೂ ನಿಮ್ಮದನ್ನು ಬರೆಯಿರಿ. ಆಟಿಸಂ ಅಂದ ಕೂಡಲೇ ಎಲ್ಲರೂ ಮಕ್ಕಳ ಬಗ್ಗೆಯೇ ಮಾತಾಡುತ್ತಾರೆ. ಆ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ ಅಲ್ವಾ?

ಮೊದಲು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಕೆಲಸ ಇಷ್ಟ ಇತ್ತು. ತಪ್ಪು ಹುಡುಕುವುದು ನನಗೆ ನೀರು ಕುಡಿದಷ್ಟು ಸಲೀಸು. ಕಷ್ಟ ಇದ್ದದ್ದು ಆ ಕೆಲಸದ ಜಾಗಕ್ಕೆ ಹೋಗಿ ಅಲ್ಲಿ ಕೂರುವುದರಲ್ಲಿ. ಸಿಲ್ಕ್ ಬೋರ್ಡ್ ಹತ್ತಿರ ಒಂದು ಗಂಟೆ ಹಾರ್ನ್. ಆಮೇಲೆ ಗೋಡೆಯೇ ಇಲ್ಲದ ದೊಡ್ಡ ಹಾಲ್, ತಲೆ ಮೇಲೆ ಗುಂಯ್ ಅನ್ನುವ ಟ್ಯೂಬ್‌ಲೈಟ್, ಯಾರದೋ ಸೆಂಟಿನ ವಾಸನೆ, ಯಾರದೋ ಫೋನು. ಗುರುವಾರ ಬರುವಷ್ಟರಲ್ಲಿ ಅಮ್ಮ ಫೋನ್ ಮಾಡಿದರೂ ಮಾತಾಡಲು ಆಗುತ್ತಿರಲಿಲ್ಲ. ಮೂರು ವರ್ಷ ಎರಡು ತಿಂಗಳು ಹೀಗೇ ನಡೆಯಿತು. ಒಂದು ಬೆಳಿಗ್ಗೆ ಶೂ ಲೇಸ್ ಕಟ್ಟಲು ಕೂತವನು ಏಳಲಿಲ್ಲ. ಕೆಲಸ ಬಿಟ್ಟೆ. ನಾಲ್ಕು ತಿಂಗಳು ಹೆಚ್ಚು ಕಡಿಮೆ ಮಲಗೇ ಇದ್ದೆ.

ಈಗ ಮನೆಯಿಂದಲೇ ಪುಸ್ತಕಗಳ ಪ್ರೂಫ್ ನೋಡುತ್ತೇನೆ. ದಿನಕ್ಕೆ ಎರಡು ಫಾರಂ, ಅಂದರೆ 32 ಪುಟ. ತಿಂಗಳಿಗೆ ಸುಮಾರು 10,000 ರೂಪಾಯಿ ಬರುತ್ತದೆ. ದುಡ್ಡಿಲ್ಲದೆ ಮಾಡುವ ಇನ್ನೊಂದು ಕೆಲಸವೂ ಇದೆ: ಅಂತರ್ಜಾಲದ ಉಚಿತ ಪುಸ್ತಕಾಲಯ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆ ಪುಸ್ತಕಗಳ ಪುಟ ತಿದ್ದುವುದು. ಅಲ್ಲಿ ಒಬ್ಬರು ತಿದ್ದಿದ ಪುಟಕ್ಕೆ ಹಳದಿ ಬಣ್ಣ. ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಹಸಿರು. ನನ್ನ ಹಳದಿ ಪುಟವನ್ನು ನಾನು ಕಾಣದ ಯಾರೋ ಹಸಿರು ಮಾಡಿದಾಗ, ಮಾತಿಲ್ಲದೆ ಒಬ್ಬರ ಜೊತೆ ಕೂತು ಕೆಲಸ ಮಾಡಿದ ಹಾಗೆ ಅನ್ನಿಸುತ್ತದೆ.

ಅಲ್ಲಿಂದ ಒಂದು ಪ್ರಾಜೆಕ್ಟ್ ಹುಟ್ಟಿತು. ತಪ್ಪುಗಳ ಪಟ್ಟಿ. ಸ್ಕ್ಯಾನ್ ಮಾಡಿದ ಪುಟವನ್ನು ಕಂಪ್ಯೂಟರ್ ಓದಿದಾಗ, ‘ನುಡಿ’, ‘ಬರಹ’ ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಇದ್ದದ್ದನ್ನು ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್‌ಗೆ ತಂದಾಗ, ಜನ ಅವಸರದಲ್ಲಿ ಟೈಪ್ ಮಾಡಿದಾಗ ಒಂದೇ ಥರದ ತಪ್ಪುಗಳು ಮತ್ತೆ ಮತ್ತೆ ಬರುತ್ತವೆ. ಅಕ್ಷರದ ಪಕ್ಕದ ಸೊನ್ನೆಯ (ಅನುಸ್ವಾರದ) ಜಾಗದಲ್ಲಿ ಕನ್ನಡ ಅಂಕಿ ೦ ಕೂತಿರುತ್ತದೆ. ಅರ್ಕಾವೊತ್ತಿನ ಜಾಗದಲ್ಲಿ ಒಂಬತ್ತು, ೯. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ‘ಕ೦ಬಳ’ ಅಂತ ಇದ್ದರೆ ‘ಕಂಬಳ’ ಅಂತ ಹುಡುಕಿದವರಿಗೆ ಆ ಪುಟ ಸಿಗುವುದೇ ಇಲ್ಲ. ದ–ಧ ಅದಲುಬದಲು ಆಗುವುದಂತೂ ಲೆಕ್ಕವಿಲ್ಲ. ಇಲ್ಲಿಯವರೆಗೆ 640 ತಪ್ಪು ಬರೆದಿಟ್ಟಿದ್ದೇನೆ. ಅದನ್ನು ಯಾರು ಬೇಕಾದರೂ ಬಳಸುವ ಹಾಗೆ ಮಾಡಬೇಕು. ತಿಂಗಳಿಗೆ 25,000 ದುಡಿಯಬೇಕು. ರಸ್ತೆ ಕಡೆ ಕಿಟಕಿ ಇಲ್ಲದ ಒಂದು ರೂಮಿನ ಬಾಡಿಗೆ ಮನೆ ಬೇಕು. ಐದು ವರ್ಷಕ್ಕೆ ನನ್ನ ಪ್ಲಾನ್ ಇಷ್ಟು.

ಮುಂಚೆ ಸಂಬಳ ನೋಡಿ ಕೆಲಸ ಆರಿಸುತ್ತಿದ್ದೆ. ಈಗ ಮೊದಲು ಶಕ್ತಿಯ ಲೆಕ್ಕ, ಆಮೇಲೆ ದುಡ್ಡಿನ ಲೆಕ್ಕ. ನನಗೆ ದಿನಕ್ಕೆ ನಾಲ್ಕೂವರೆ ಗಂಟೆ ಗಟ್ಟಿ ಕೆಲಸ ಆಗುತ್ತದೆ. ಒಂದು ಫೋನ್ ಬಂದರೆ ಅದರಲ್ಲಿ ಒಂದು ಗಂಟೆ ಹೋಯಿತು. ಮದುವೆ ಮನೆಗೆ ಹೋದರೆ ಮರುದಿನ ಪೂರ್ತಿ ಹೋಯಿತು. ಇದನ್ನು ಒಂದು ವರ್ಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಮೇಲೆ ಗೊತ್ತಾಗಿದ್ದು. ನೀವು ಹೇಗೆ ಲೆಕ್ಕ ಹಾಕುತ್ತೀರಿ?

ನಾಲ್ಕೆಳೆ (ಧಾರವಾಡ)

ನಿಮ್ಮ ನೋಟ್‌ಬುಕ್ ಲೆಕ್ಕ ಓದಿ ಎದೆ ಹಗುರಾಯಿತು. ನಾನು ಕ್ಯಾಲೆಂಡರ್ ಮೇಲೆ ಚುಕ್ಕಿ ಇಡುತ್ತೇನೆ. ಕೆಂಪು ಚುಕ್ಕಿ ಇಟ್ಟ ದಿನದ ಮರುದಿನ ಯಾರಿಗೂ ಸಿಗುವುದಿಲ್ಲ.

ನನಗೆ 38. ಅಕ್ಕನ ಮಗನಿಗೆ ಆಟಿಸಂ ಅಂತ ಡಾಕ್ಟರ್ ಹೇಳಿದಾಗ ಅವರು ಕೇಳಿದ ಒಂದೊಂದು ಪ್ರಶ್ನೆಗೂ ಅಕ್ಕ ನನ್ನ ಮುಖ ನೋಡುತ್ತಿದ್ದಳು. ಆಮೇಲೆ ನಾನೂ ಹೋಗಿ ತೋರಿಸಿದೆ. ಆಗ 34.

ನಾನು ಕಸೂತಿ ಹಾಕುತ್ತೇನೆ. ಅಜ್ಜಿಯಿಂದ ಕಲಿತದ್ದು. ನಮ್ಮ ಧಾರವಾಡದ ಕಸೂತಿಯಲ್ಲಿ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಎಣಿಸಿ ಹಾಕಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಹೊರಟಲ್ಲಿಗೇ ಬಂದು ನಿಲ್ಲಬೇಕು. ಬಟ್ಟೆಯ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಮುರಗಿ ಹೊಲಿಗೆ ಮೆಟ್ಟಿಲಿನ ಹಾಗೆ ಏರುತ್ತದೆ. ನೇಯ್ಗಿ ನೇಯ್ದ ಹಾಗೆ. ಮೆಂತಿ ಗುಣಾಕಾರದ ಗುರುತಿನ ಹಾಗೆ. ಶಾಲೆಯಲ್ಲಿ ನನ್ನನ್ನು ‘ಎಣಿಸೋ ಹುಡುಗಿ’ ಅನ್ನುತ್ತಿದ್ದರು. ಮೆಟ್ಟಿಲು ಎಣಿಸುತ್ತಿದ್ದೆ, ಕಿಟಕಿ ಸರಳು ಎಣಿಸುತ್ತಿದ್ದೆ. ಬೈಸಿಕೊಂಡ ಅದೇ ಅಭ್ಯಾಸ ಈಗ ನನ್ನ ಅನ್ನ.

ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ, ಇಂಥ ನಮೂನೆಗಳನ್ನು ಗ್ರಾಫ್ ಹಾಳೆ ಮೇಲೆ ಇಳಿಸುತ್ತಿದ್ದೇನೆ. ಬರೀ ಚಿತ್ರ ಇಳಿಸಿದರೆ ಸಾಲದು. ದಾರ ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಹೋಗಿ ಹೇಗೆ ತಿರುಗಿ ಬರಬೇಕು ಅನ್ನುವುದನ್ನು ಬಾಣದ ಗುರುತಿನಲ್ಲಿ ತೋರಿಸುತ್ತೇನೆ. ಅಜ್ಜಿಗೆ ಇದೆಲ್ಲ ಬೆರಳಿನಲ್ಲಿತ್ತು, ಹಾಳೆಯಲ್ಲಿ ಇರಲಿಲ್ಲ. 112 ನಮೂನೆ ಆಗಿವೆ. ಅದೇ ನನ್ನ ಪುಸ್ತಕ. ಮುಗಿಸಲು ಇನ್ನೆರಡು ವರ್ಷ ಬೇಕು.

ದುಡಿಮೆ ವಿಷಯ ಹೇಳುತ್ತೇನೆ. ಆರ್ಡರ್ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿದರೆ ಮಾತ್ರ ತೆಗೆದುಕೊಳ್ಳುತ್ತೇನೆ, ಫೋನ್ ಇಲ್ಲ. ಮೊದಲು ಗಿರಾಕಿಗಳು ಮುನಿಸಿಕೊಂಡರು. ಅರ್ಧ ಜನ ಹೋದರು. ಉಳಿದ ಅರ್ಧ ಜನ ಈಗಲೂ ಇದ್ದಾರೆ. ಬೆಲೆಯನ್ನು ಸೀರೆ ಲೆಕ್ಕಕ್ಕೆ ಹೇಳುತ್ತಿದ್ದೆ, ಈಗ ಗಂಟೆ ಲೆಕ್ಕಕ್ಕೆ ಹೇಳುತ್ತೇನೆ. ಒಂದು ಇಳಕಲ್ ಸೀರೆಯ ಸೆರಗಿಗೆ ಎಷ್ಟು ಗಂಟೆ ಹಿಡಿಯುತ್ತದೆ ಅಂತ ಬರೆದು ತೋರಿಸಿದರೆ ಚೌಕಾಸಿ ಮಾಡುವವರು ಕಡಿಮೆ.

ಸಾಗರದಮ್ಮ

ನಿಮ್ಮಿಬ್ಬರ ಬರಹ ಓದಿ ಸಂತೋಷವೂ ಆಯಿತು, ಸಂಕಟವೂ ಆಯಿತು. ನೀವು ಬರೆಯುತ್ತೀರಿ. ನನ್ನ ಮಗನಿಗೆ 24. ಮಾತಿಲ್ಲ. ಚಿತ್ರದ ಕಾರ್ಡು ತೋರಿಸಿ ಹೇಳುತ್ತಾನೆ. ಅವನ ಐದು ವರ್ಷದ ಪ್ಲಾನ್ ಅವನ ಪರವಾಗಿ ನಾನು ಬರೆಯಬೇಕು.

ಅವನು ಅಡಿಕೆ ಆರಿಸುತ್ತಾನೆ. ನಮ್ಮ ಅಂಗಳದಲ್ಲಿ ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಸುರಿದರೆ ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ, ಹೀಗೆ ಅಡಿಕೆಯ ದರ್ಜೆಗಳನ್ನು ಬೇರೆ ಬೇರೆ ಮಾಡಿ ಇಡುತ್ತಾನೆ. ಅವನ ಕೈಯಲ್ಲಿ ಒಂದು ಕಾಯಿ ತಪ್ಪುವುದಿಲ್ಲ. ಯಾರೂ ಕೂತು ಕಲಿಸಿದ್ದಲ್ಲ, ಅಜ್ಜನ ಪಕ್ಕ ಕೂತು ನೋಡಿ ಕಲಿತದ್ದು. ಈಗ ಪಕ್ಕದ ಎರಡು ಮನೆಯವರೂ ಕರೆಯುತ್ತಾರೆ. ಬೇರೆಯವರಿಗೆ ಕೊಡುವಷ್ಟೇ ಕೂಲಿ ಅವನಿಗೂ ಕೊಡಬೇಕು ಅಂತ ನಾನು ಹಟ ಹಿಡಿದೆ. ಕೊಡುತ್ತಾರೆ. ಆದರೆ ಸುಲಿಗೆ ಸೀಸನ್ ಮುಗಿದ ಮೇಲೆ ಕೆಲಸ ಇಲ್ಲ. ಮಳೆಗಾಲ ಪೂರ್ತಿ ಕಿಟಕಿ ಹತ್ತಿರ ಕೂರುತ್ತಾನೆ.

ನನಗೆ 56, ನಮ್ಮ ಯಜಮಾನರಿಗೆ 63. ನಾವಿಲ್ಲದ ಮೇಲೆ ಏನು ಅನ್ನುವುದೊಂದೇ ನನ್ನ ಪ್ರಶ್ನೆ. ರಾತ್ರಿ ನಿದ್ದೆ ಬರುವುದಿಲ್ಲ. ಗಾರ್ಡಿಯನ್ ಮಾಡಿಸಿ ಅಂತ ಒಬ್ಬರು ಹೇಳಿದರು. ಅದರ ಬಗ್ಗೆ ಗೊತ್ತಿದ್ದವರು ತಿಳಿಸಿ.

ಓದುಗ_ಕಲಬುರಗಿ

ಅಮ್ಮಾ, ನಾನು ಇದನ್ನು ಓದಿಕೊಂಡಿದ್ದೇನೆ, ಬರೆಯುತ್ತೇನೆ.

ಗಾರ್ಡಿಯನ್ ಅಂದರೆ ಅವನ ಪರವಾಗಿ ತೀರ್ಮಾನ ಮಾಡಲು ಕಾನೂನು ಒಪ್ಪಿದ ಪೋಷಕರು. ಮಗು 18 ದಾಟಿದ ಮೇಲೆ ಕಾನೂನಿನ ಕಣ್ಣಿಗೆ ಅಪ್ಪ ಅಮ್ಮ ತಾವಾಗಿಯೇ ಗಾರ್ಡಿಯನ್ ಅಲ್ಲ. ರಾಷ್ಟ್ರೀಯ ನ್ಯಾಸ ಕಾಯ್ದೆ ಅಂತ 1999ರದ್ದು ಒಂದಿದೆ. ನ್ಯಾಷನಲ್ ಟ್ರಸ್ಟ್ ಅಂತಲೇ ಎಲ್ಲರೂ ಕರೆಯುತ್ತಾರೆ. ಆಟಿಸಂ ಅದರಲ್ಲಿ ಬರುತ್ತದೆ. ಜಿಲ್ಲೆ ಮಟ್ಟದಲ್ಲಿ ಒಂದು ಸಮಿತಿ ಇರುತ್ತದೆ, ಜಿಲ್ಲಾಧಿಕಾರಿ ಅದರ ಮುಖ್ಯಸ್ಥರು. ಒಬ್ಬರು ಸಂಸ್ಥೆಯ ಕಡೆಯವರು, ಒಬ್ಬರು ಅಂಗವಿಕಲತೆ ಇರುವವರು ಇರುತ್ತಾರೆ. ಗಾರ್ಡಿಯನ್ ಆಗಲು ಅಲ್ಲಿಗೆ ಅರ್ಜಿ ಹಾಕಬೇಕು. ನೀವು ಶಿವಮೊಗ್ಗದ ಡಿಸಿ ಕಚೇರಿಯಲ್ಲಿ ವಿಚಾರಿಸಿ. ಅದೇ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಅದನ್ನೂ ಕೇಳಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿಲ್ಲದಿದ್ದರೆ ಮೊದಲು ಅದು ಆಗಬೇಕು.

ಇನ್ನೊಂದು ದಾರಿ 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿದೆ. ಅದರ 14ನೇ ಕಲಂನಲ್ಲಿ ‘ಸೀಮಿತ ಗಾರ್ಡಿಯನ್’ ಅಂತ ಇದೆ. ಅಂದರೆ ಎಲ್ಲವನ್ನೂ ಬೇರೆಯವರೇ ತೀರ್ಮಾನ ಮಾಡುವುದಲ್ಲ. ಇಬ್ಬರೂ ಸೇರಿ, ಒಬ್ಬರನ್ನೊಬ್ಬರು ನಂಬಿ ತೀರ್ಮಾನ ಮಾಡುವುದು. ಎರಡನ್ನೂ ಓದಿ ನೋಡಿ.

ನನ್ನ ಪ್ಲಾನ್ ಸರ್ಕಾರಿ ಕೆಲಸ. ನನಗೆ 26, ಬಿ.ಕಾಂ. ಆಗಿದೆ. 2016ರ ಕಾಯ್ದೆಯಲ್ಲಿ ಅಂಗವಿಕಲತೆಯ ಪಟ್ಟಿ 21ಕ್ಕೆ ಏರಿತು, ಆಟಿಸಂ ಸೇರಿತು. ಸರ್ಕಾರಿ ಹುದ್ದೆಗಳಲ್ಲಿ ಕಡಿಮೆ ಅಂದರೂ ಶೇ. 4 ಮೀಸಲು. ಅದರಲ್ಲಿ ಶೇ. 1 ನಮ್ಮ ಗುಂಪಿಗೆ: ಆಟಿಸಂ, ಬುದ್ಧಿಮಾಂದ್ಯತೆ, ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಜೊತೆಗೆ ಒಂದಕ್ಕಿಂತ ಹೆಚ್ಚು ಅಂಗವಿಕಲತೆ ಇರುವವರು. ಇಷ್ಟೂ ಜನಕ್ಕೆ ಸೇರಿ ಒಂದೇ ಶೇಕಡಾ ಅನ್ನುವುದು ನೆನಪಿರಲಿ. ಸರ್ಟಿಫಿಕೇಟಿನಲ್ಲಿ ಅಂಗವಿಕಲತೆ ಶೇ. 40 ಅಥವಾ ಹೆಚ್ಚು ಅಂತ ಇರಬೇಕು. ನನಗೆ ಸರ್ಟಿಫಿಕೇಟ್ ಆಗಲು ಹದಿನಾಲ್ಕು ತಿಂಗಳು ಹಿಡಿಯಿತು. ‘ನೀನು ಚೆನ್ನಾಗಿ ಮಾತಾಡ್ತೀಯಲ್ಲ’ ಅಂತ ಎರಡು ಸಲ ವಾಪಸ್ ಕಳಿಸಿದ್ದರು. ಮೂರನೇ ಸಲ ನನ್ನ ಶಾಲೆಯ ಹಳೆ ಕಾಗದ ಎಲ್ಲ ಜೋಡಿಸಿಕೊಂಡು, ಅಣ್ಣನನ್ನು ಕರೆದುಕೊಂಡು ಹೋದೆ. ಚಿಕ್ಕವನಿದ್ದಾಗ ನಾನು ಹೇಗಿದ್ದೆ ಅಂತ ಅವನು ಹೇಳಿದ. ಅದರಿಂದ ಕೆಲಸ ಆಯಿತು. ಯಾರಾದರೂ ಹೋಗುವುದಾದರೆ ಒಬ್ಬರೇ ಹೋಗಬೇಡಿ.

ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚಿನ ಸಮಯ ಕೇಳಬಹುದು. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಜಾಸ್ತಿ. ಅರ್ಜಿ ತುಂಬುವಾಗಲೇ ಟಿಕ್ ಹಾಕಬೇಕು, ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ನನಗೆ ಪೇಪರಿಗಿಂತ ಹಾಲ್‌ನಲ್ಲಿ ಓಡಾಡುವ ಮೇಲ್ವಿಚಾರಕರ ಚಪ್ಪಲಿ ಸದ್ದು ಕಷ್ಟ. ಅದಕ್ಕೆ ಮನೆಯಲ್ಲಿ ಫ್ಯಾನ್ ಹಾಕಿ, ಕುಕ್ಕರ್ ಕೂಗುವಾಗಲೇ ಕೂತು ಹಳೆ ಪ್ರಶ್ನೆಪತ್ರಿಕೆ ಬಿಡಿಸಿ ಅಭ್ಯಾಸ ಮಾಡುತ್ತಿದ್ದೇನೆ.

ನಾಲ್ಕೆಳೆ (ಧಾರವಾಡ)

ಸಾಗರದಮ್ಮ, ಒಂದು ಮಾತು ಕೇಳಲೇ? ಬೇಜಾರು ಮಾಡಿಕೊಳ್ಳಬೇಡಿ. ‘ಅವನ ಪರವಾಗಿ ನಾನು ಬರೆಯಬೇಕು’ ಅಂದಿರಿ. ಅವನನ್ನು ಕೇಳಿದ್ದೀರಾ? ಅವನಿಗೆ ಕಾರ್ಡ್ ಗೊತ್ತು. ಎರಡು ಕಾರ್ಡ್ ಇಟ್ಟರೆ ಒಂದನ್ನು ಮುಟ್ಟುತ್ತಾನೆ. ಮಳೆಗಾಲದಲ್ಲಿ ಕಿಟಕಿ ಹತ್ತಿರ ಕೂರುವುದು ಬೇಸರದಿಂದಲೋ, ಮಳೆ ಇಷ್ಟ ಅಂತಲೋ? ನನಗೆ ಮಾತು ಬರುತ್ತದೆ, ಆದರೂ 34 ವರ್ಷ ನನ್ನನ್ನು ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಪರವಾಗಿ ಒಳ್ಳೆಯದನ್ನೇ ಯೋಚನೆ ಮಾಡಿದರು. ಅದಕ್ಕೆ ಕೇಳುತ್ತಿದ್ದೇನೆ.

ಸಾಗರದಮ್ಮ

ನೀವು ಅವನನ್ನು ನೋಡಿಲ್ಲ. ಅವನು ಒಂದು ದಿನ ಗೇಟು ದಾಟಿ ಹೋಗಿ, ಹೆದ್ದಾರಿ ಪಕ್ಕ ಸಿಕ್ಕಿದ್ದ. ಕೇಳುವುದು ಅಷ್ಟು ಸುಲಭ ಅಲ್ಲ ಕಣಮ್ಮ. ಆಮೇಲೆ ಬರೆಯುತ್ತೇನೆ.

ಮೆಜೆಸ್ಟಿಕ್_ಹುಡುಗ

ಹಾಯ್. ನನಗೆ 21. ಡಿಪ್ಲೊಮಾ ಕೊನೆ ವರ್ಷ. ನನಗೆ ಬಸ್ ಇಷ್ಟ. ಬಿಎಂಟಿಸಿ ರೂಟ್ ನಂಬರ್ ಎಲ್ಲ ಬರೆದಿಡುತ್ತೇನೆ. 335ಇ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಕಡೆಗೆ, 500ಡಿ ಹೆಬ್ಬಾಳದಿಂದ ರಿಂಗ್ ರೋಡ್ ಮೇಲೆ ಸಿಲ್ಕ್ ಬೋರ್ಡ್‌ಗೆ, ಹೀಗೆ. ಬಿಎಂಟಿಸಿ ಆಗಿದ್ದು 1997ರಲ್ಲಿ, ಅದಕ್ಕೂ ಮುಂಚೆ ಬಿಟಿಎಸ್ ಅನ್ನುತ್ತಿದ್ದರು. ಹುಬ್ಬಳ್ಳಿಯ ವಾಯವ್ಯ ಸಾರಿಗೆಯೂ 1997ರದ್ದೇ. ಕಲಬುರಗಿಯದ್ದು 2000ದಲ್ಲಿ ಶುರುವಾಯಿತು, 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ಅಂತ ಹೆಸರು ಬದಲಾಯಿತು. ನನ್ನ ಹತ್ತಿರ 17 ನೋಟ್‌ಬುಕ್ ಇವೆ. ಮನೆಯಲ್ಲಿ ‘ಇದು ಚಿಕ್ಕ ಮಕ್ಕಳ ಹುಚ್ಚು, ಬಿಡು, ಕೆಲಸದ ಬಗ್ಗೆ ಯೋಚನೆ ಮಾಡು’ ಅನ್ನುತ್ತಾರೆ. ಬಿಡಬೇಕಾ?

ಕರಡು_ತಿದ್ದುವವ (ಮೈಸೂರು)

ತಮ್ಮಾ, ಬಿಡಬೇಡ. ಒಂದು ಸಣ್ಣ ಬದಲಾವಣೆ ಮಾಡು. ನೋಟ್‌ಬುಕ್ಕಿನಲ್ಲಿ ಇರುವುದನ್ನು ಬೇರೆಯವರಿಗೆ ಉಪಯೋಗ ಆಗುವ ಜಾಗಕ್ಕೆ ಹಾಕು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದು ನಕಾಶೆ ಇದೆ, ಯಾರು ಬೇಕಾದರೂ ತಿದ್ದಬಹುದು. ಅದರಲ್ಲಿ ನಿನಗೆ ಗೊತ್ತಿರುವ ಬಸ್ ಸ್ಟಾಪ್‌ಗಳಿಗೆ ಕನ್ನಡ ಹೆಸರು ಸೇರಿಸು. ಒಂದು ರೂಟ್ ಹಿಡಿದು ಮೊದಲ ಸ್ಟಾಪಿನಿಂದ ಕೊನೆಯವರೆಗೆ ಮಾಡು. ಕೆಲಸ ಕೇಳಲು ಹೋದಾಗ ‘ನನಗೆ ಬಸ್ ಇಷ್ಟ’ ಅಂತ ಹೇಳುವ ಬದಲು ‘ಈ ರೂಟಿನ ಅಷ್ಟೂ ಸ್ಟಾಪ್ ನಕಾಶೆಗೆ ಹಾಕಿದ್ದು ನಾನು’ ಅಂತ ತೋರಿಸಬಹುದು. ಬಸ್ಸಿನ ವೇಳಾಪಟ್ಟಿ, ಡಿಪೊ ಶೆಡ್ಯೂಲ್, ನಕಾಶೆ ಮಾಡುವ ಕಂಪನಿ, ಇವೆಲ್ಲ ಕೂಲಿ ಸಿಗುವ ನಿಜವಾದ ಕೆಲಸಗಳು. ಯಾವ ರೂಟಿನಿಂದ ಶುರು ಮಾಡುತ್ತೀಯ?

ಮೆಜೆಸ್ಟಿಕ್_ಹುಡುಗ

335ಇ.

ಹೊಸಬಳು (ತುಮಕೂರು)

ನನಗೆ 27. ಲ್ಯಾಬ್ ಟೆಕ್ನಿಷಿಯನ್. ಆಟಿಸಂ ಅಂತ ಗೊತ್ತಾಗಿ ಮೂರು ತಿಂಗಳು. ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡಿದ್ದೇನೆ, ಜನ ಕಡಿಮೆ ಇರುತ್ತಾರೆ ಅಂತ. ಕೆಲಸದಲ್ಲಿ ತಪ್ಪು ಇಲ್ಲ. ಆದರೆ ‘ಯಾರ ಜೊತೆಗೂ ಬೆರೆಯಲ್ಲ’ ಅಂತ ದೂರು ಇದೆ. ಊಟದ ಹೊತ್ತಿನಲ್ಲಿ ನಗಬೇಕು, ಕಣ್ಣು ನೋಡಿ ಮಾತಾಡಬೇಕು. ದಿನಾ ನಾಟಕ ಮಾಡಿ ಮನೆಗೆ ಬಂದು ಅಳುತ್ತೇನೆ. ಮೇಲಿನವರಿಗೆ ಹೇಳಿಬಿಡಲಾ? ಹೇಳಿದರೆ ಕೆಲಸ ಹೋಗುತ್ತಾ?

ಕಡಲತಡಿ (ಮಂಗಳೂರು)

ನನಗೆ ಆಟಿಸಂ ಇಲ್ಲ. ಒಂದು ಕಂಪನಿಯಲ್ಲಿ ಟೀಮ್ ನೋಡಿಕೊಳ್ಳುತ್ತೇನೆ. ನನ್ನ ಟೀಮಿನ ಒಬ್ಬನಿಗೆ ಇದೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಆರು ತಿಂಗಳು ನಾನು ಅವನಿಗೆ ತುಂಬ ತೊಂದರೆ ಕೊಟ್ಟೆ. ಬೇಕು ಅಂತ ಅಲ್ಲ. ‘ಇದನ್ನ ಸ್ವಲ್ಪ ಬೇಗ ಮುಗಿಸಿಬಿಡು’ ಅನ್ನುತ್ತಿದ್ದೆ. ಅವನು ಬೆಳಗಿನ ಜಾವ 3ರವರೆಗೆ ಕೂತು ಮುಗಿಸುತ್ತಿದ್ದ. ನನ್ನ ‘ಬೇಗ’ ಅಂದರೆ ಈ ವಾರದಲ್ಲಿ ಅಂತ. ಈಗ ‘ಗುರುವಾರ ಸಂಜೆ 4ಕ್ಕೆ’ ಅಂತ ಬರೆದು ಕಳಿಸುತ್ತೇನೆ. ಮೀಟಿಂಗಿನಲ್ಲಿ ಏನೇನು ಕೇಳುತ್ತೇನೆ ಅಂತ ಹಿಂದಿನ ದಿನವೇ ಹೇಳುತ್ತೇನೆ. ಅವನ ಸೀಟು ಗೋಡೆ ಪಕ್ಕಕ್ಕೆ ಹಾಕಿದೆವು, ಮೇಲಿನ ಒಂದು ಲೈಟ್ ತೆಗೆಸಿದೆವು. ಟೀಮ್ ಊಟಕ್ಕೆ ಬರುವುದು ಬಿಡುವುದು ಅವನಿಷ್ಟ. ಇದಕ್ಕೆಲ್ಲ ಕಂಪನಿಗೆ ಆದ ಖರ್ಚು ಎಲೆಕ್ಟ್ರಿಷಿಯನ್ನಿನ ಅರ್ಧ ಗಂಟೆ. ಇನ್ನೊಂದು ಹೇಳಬೇಕು: ಎಲ್ಲ ಬರೆದು ಕೊಡಲು ಶುರು ಮಾಡಿದ ಮೇಲೆ ಟೀಮಿನ ಉಳಿದವರಿಗೂ ಕೆಲಸ ಸಲೀಸಾಯಿತು.

ಹೊಸಬಳು ಅವರೇ, 20 ಅಥವಾ ಹೆಚ್ಚು ಜನ ಇರುವ ಖಾಸಗಿ ಸಂಸ್ಥೆ ಕೂಡ ‘ಸಮಾನ ಅವಕಾಶ ನೀತಿ’ ಬರೆದಿಟ್ಟಿರಬೇಕು ಅಂತ ಅಂಗವಿಕಲರ ಹಕ್ಕು ಕಾಯ್ದೆಯ 2017ರ ನಿಯಮ ಹೇಳುತ್ತದೆ. ನಿಮ್ಮಲ್ಲಿ ಅದು ಇದೆಯಾ ಅಂತ ಮೊದಲು ಸುಮ್ನೆ ಕೇಳಿ ನೋಡಿ. ಉತ್ತರ ಹೇಗೆ ಬರುತ್ತದೆ ಅನ್ನುವುದರಲ್ಲೇ ಜಾಗ ಎಂಥದ್ದು ಅಂತ ಗೊತ್ತಾಗುತ್ತದೆ. ಹೇಳುವುದಾದರೆ ಒಬ್ಬರಿಗೆ, ನೀವು ನಂಬುವವರಿಗೆ, ಬರೆದು ಹೇಳಿ. ಆಟಿಸಂ ಅನ್ನುವ ಹೆಸರಿಗಿಂತ ಮೊದಲು ನಿಮಗೆ ಬೇಕಾದ್ದನ್ನು ಹೇಳಿ: ‘ಊಟದ ಹೊತ್ತು ನನಗೆ ಒಬ್ಬಳೇ ಇರಲು ಬೇಕು, ಆಗ ಕೆಲಸ ಚೆನ್ನಾಗಿ ಆಗುತ್ತದೆ.’ ಎಲ್ಲ ಕಡೆ ಒಳ್ಳೆಯದೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಅವಸರ ಮಾಡಬೇಡಿ.

ಇಂಟರ್‌ವ್ಯೂ ಬಗ್ಗೆಯೂ ಒಂದು ಮಾತು. ‘ನಿಮ್ಮ ಬಗ್ಗೆ ಹೇಳಿ’ ಅನ್ನುವ ಪ್ರಶ್ನೆಯಿಂದ ಯಾರ ಕೆಲಸವೂ ತಿಳಿಯುವುದಿಲ್ಲ. ಡೆನ್ಮಾರ್ಕಿನಲ್ಲಿ 2004ರಲ್ಲಿ ಶುರುವಾದ ಸ್ಪೆಶಲಿಸ್ಟರ್ನೆ ಅನ್ನುವ ಸಂಸ್ಥೆ ಇದೆ. ಆಟಿಸಂ ಇರುವ ಹುಡುಗನ ತಂದೆ ಕಟ್ಟಿದ್ದು. ಅಲ್ಲಿ ಬಾಯಿ ಮಾತಿನ ಸಂದರ್ಶನದ ಬದಲು ಲೆಗೊ ಅನ್ನುವ ಜೋಡಿಸುವ ಆಟಿಕೆಯ ರೋಬೋಟ್ ಕೊಟ್ಟು, ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡುತ್ತಿದ್ದರು. ಎಸ್‌ಎಪಿ ಅನ್ನುವ ಸಾಫ್ಟ್‌ವೇರ್ ಕಂಪನಿ 2013ರಲ್ಲಿ ಅವರ ಜೊತೆ ಸೇರಿ ಆಟಿಸಂ ಇರುವವರನ್ನು ತೆಗೆದುಕೊಳ್ಳುವ ಕಾರ್ಯಕ್ರಮ ಶುರು ಮಾಡಿತು. ಅದಕ್ಕೂ ಮೊದಲೇ ಎಸ್‌ಎಪಿಯ ಬೆಂಗಳೂರು ಕಚೇರಿಯಲ್ಲಿ ಅಂಥವರನ್ನು ಟೆಸ್ಟಿಂಗ್ ಕೆಲಸಕ್ಕೆ ತೆಗೆದುಕೊಂಡು ನೋಡಿದ್ದರು. ನಾನು ಈಗ ಹೊಸಬರಿಗೆ ಒಂದು ದಿನದ ಕೆಲಸ ಕೊಟ್ಟು, ಅದಕ್ಕೆ ದುಡ್ಡೂ ಕೊಟ್ಟು ನೋಡುತ್ತೇನೆ.

ನಾಲ್ಕೆಳೆ (ಧಾರವಾಡ)

ಕಡಲತಡಿ ಅವರು ಹೇಳಿದ್ದು ಸರಿ. ಆದರೆ ಎಲ್ಲರಿಗೂ ಕಂಪ್ಯೂಟರ್ ಕೆಲಸವೇ ಆಗಬೇಕಿಲ್ಲ. ನಮ್ಮ ಹುಬ್ಬಳ್ಳಿಯಲ್ಲಿ 2017ರಲ್ಲಿ ಮಿಟ್ಟಿ ಕೆಫೆ ಶುರುವಾಯಿತು, ಅಂಗವಿಕಲತೆ ಇರುವವರೇ ನಡೆಸುವುದು. ಆಮೇಲೆ ಬೆಂಗಳೂರು ಏರ್‌ಪೋರ್ಟಿಗೂ, ದೆಹಲಿಯ ಸುಪ್ರೀಂ ಕೋರ್ಟಿಗೂ ಹೋಯಿತು. ಜನರ ನಡುವೆ ಇರುವುದು ಇಷ್ಟ ಇರುವವರಿಗೆ ಅದು ಬಹಳ ಒಳ್ಳೆಯ ಜಾಗ. ನನಗೆ ಮಿಕ್ಸಿ ಸದ್ದು ಆಗುವುದಿಲ್ಲ, ನಾನು ಅಲ್ಲಿ ಒಂದು ದಿನ ಇರಲಾರೆ. ಆಟಿಸಂ ಇರುವವರೆಲ್ಲ ಲೆಕ್ಕದಲ್ಲಿ ಜಾಣರು, ಎಲ್ಲರಿಗೂ ಒಂದು ಅದ್ಭುತ ಶಕ್ತಿ ಇರುತ್ತದೆ ಅಂತ ಸಿನಿಮಾ ನೋಡಿದವರು ಅಂದುಕೊಳ್ಳುತ್ತಾರೆ. ಏನೂ ವಿಶೇಷ ಬರದವರಿಗೂ ಒಂದು ಕೆಲಸ, ಒಂದು ಕೋಣೆ, ಇಷ್ಟದ ಊಟ ಬೇಕು. ಅವರೂ ಪ್ಲಾನ್ ಮಾಡಬೇಕು.

ಸಾಗರದಮ್ಮ

ಎರಡು ವಾರ ಆಯಿತು. ಆವತ್ತು ಸಿಟ್ಟು ಬಂದು ಅಷ್ಟಕ್ಕೇ ಬಿಟ್ಟಿದ್ದೆ. ಆಮೇಲೆ ಕೂತು ಯೋಚನೆ ಮಾಡಿದೆ. ಅವನ ಕಾರ್ಡುಗಳನ್ನೆಲ್ಲ ಹರಡಿ ನೋಡಿದೆ. ಊಟ, ನೀರು, ಸ್ನಾನ, ಬಚ್ಚಲು, ನೋವು, ಅಜ್ಜ, ಅಡಿಕೆ. ಎಲ್ಲವೂ ಈಗಿನದ್ದು. ನಾಳೆ ಅನ್ನುವ ಕಾರ್ಡೇ ಇರಲಿಲ್ಲ. ‘ಬೇರೆ ಏನಾದರೂ’ ಅನ್ನುವ ಕಾರ್ಡೂ ಇರಲಿಲ್ಲ. ನಾವು ಮಾಡಿಕೊಟ್ಟೇ ಇರಲಿಲ್ಲ. ಅವನು ಹೇಗೆ ಹೇಳುತ್ತಾನೆ?

ಈಗ ಹೊಸದಾಗಿ ಮಾಡಿದ್ದೇವೆ. ಕಾಳು ಆರಿಸುವುದು, ಏಲಕ್ಕಿ ಬಿಡಿಸುವುದು, ಹೂವಿನ ಗಿಡಕ್ಕೆ ನೀರು, ಅಡಿಕೆ ಹಾಳೆಯ ತಟ್ಟೆ ಒತ್ತುವುದು, ಕಿಟಕಿ. ಒಂದೊಂದನ್ನೂ ಒಂದು ವಾರ ಮಾಡಿ ತೋರಿಸಿ ಆಮೇಲೆ ಕಾರ್ಡ್ ಇಡುತ್ತಿದ್ದೇವೆ. ಹಾಳೆ ತಟ್ಟೆ ಮಿಷನ್ ಇರುವ ಮನೆಗೆ ಕರೆದುಕೊಂಡು ಹೋದೆವು. ಸದ್ದಿಗೆ ಕಿವಿ ಮುಚ್ಚಿಕೊಂಡ. ಮರುದಿನ ಆ ಕಾರ್ಡನ್ನು ಎತ್ತಿ ಹಿಂದಕ್ಕೆ ತಳ್ಳಿದ. ಬೇಡ ಅಂತ ಅವನು ಕಾರ್ಡ್ ತಳ್ಳಿದ್ದು ಇದೇ ಮೊದಲು. ನನಗೆ ಅಳು ಬಂತು, ಖುಷಿಗೆ. ಕಿಟಕಿ ಕಾರ್ಡನ್ನು ಮೂರು ಸಲ ಮುಟ್ಟಿದ. ನೀವು ಹೇಳಿದ್ದು ನಿಜ ಕಣಮ್ಮ, ಅವನಿಗೆ ಮಳೆ ಇಷ್ಟ. ಮಳೆಗಾಲದಲ್ಲಿ ಏನೋ ಒಂದು ಕೆಲಸ ಹಚ್ಚಲೇಬೇಕು ಅಂತ ನಾನೇ ಒದ್ದಾಡುತ್ತಿದ್ದೆ. ಏಲಕ್ಕಿಯನ್ನು ಕಿಟಕಿ ಹತ್ತಿರವೇ ಇಟ್ಟೆವು. ಒಂದು ಗಂಟೆ ಬಿಡಿಸುತ್ತಾನೆ, ಆಮೇಲೆ ಮಳೆ ನೋಡುತ್ತಾನೆ.

ಡಿಸಿ ಕಚೇರಿಗೂ ಹೋಗಿ ಬಂದೆವು. ಅರ್ಜಿ ತಂದಿದ್ದೇವೆ, ಇನ್ನೂ ತುಂಬಿಲ್ಲ. ನಮ್ಮ ಜೊತೆಗೆ ಇನ್ನೊಂದು ಹೆಸರು ಯಾರದ್ದು ಬರೆಸಬೇಕು ಅನ್ನುವ ಪ್ರಶ್ನೆ. ಅವನ ಅತ್ತೆಯ ಮಗಳು ಇದ್ದಾಳೆ, ಅವಳು ಬಂದರೆ ಅವನು ತಾನಾಗಿ ಹೋಗಿ ಪಕ್ಕದಲ್ಲಿ ಕೂರುತ್ತಾನೆ. ಬೇರೆ ಯಾರ ಹತ್ತಿರವೂ ಹಾಗೆ ಕೂರುವುದಿಲ್ಲ. ಅವಳನ್ನೇ ಕೇಳಬೇಕು ಅಂತಿದ್ದೇವೆ.

ಓದುಗ_ಕಲಬುರಗಿ

ಅಮ್ಮಾ, ಅರ್ಜಿ ತುಂಬುವಾಗ ಏನಾದರೂ ಅರ್ಥ ಆಗದಿದ್ದರೆ ಇಲ್ಲಿ ಕೇಳಿ. ಆಧಾರ್ ನಂಬರ್, ವಿಳಾಸ ಇಲ್ಲಿ ಹಾಕಬೇಡಿ, ಪ್ರಶ್ನೆ ಮಾತ್ರ ಹಾಕಿ. ನನ್ನ ಪರೀಕ್ಷೆ ಮುಂದಿನ ತಿಂಗಳು. ಹೆಚ್ಚಿನ ಸಮಯಕ್ಕೆ ಟಿಕ್ ಹಾಕಿದ್ದೇನೆ. ಹಾಲ್ ಟಿಕೆಟ್‌ನಲ್ಲಿ ಬಂದಿದೆ.

ಹೊಸಬಳು (ತುಮಕೂರು)

ಇನ್ನೂ ಯಾರಿಗೂ ಹೇಳಿಲ್ಲ. ನೀತಿ ಇದೆಯಾ ಅಂತ ಕೇಳಿದೆ. ‘ನೋಡಿ ಹೇಳುತ್ತೇವೆ’ ಅಂದರು. ಒಂದು ಬದಲಾವಣೆ ಮಾಡಿದೆ: ಊಟದ ಡಬ್ಬಿ ತೆಗೆದುಕೊಂಡು ಟೆರೇಸ್ ಮೆಟ್ಟಿಲ ಮೇಲೆ ಕೂರುತ್ತೇನೆ. ಈ ವಾರ ಎರಡು ದಿನ ಅಳಲಿಲ್ಲ. ಕರಡು ಅವರ ಥರ ನೋಟ್‌ಬುಕ್ ಶುರು ಮಾಡಿದ್ದೇನೆ.

ಮೆಜೆಸ್ಟಿಕ್_ಹುಡುಗ

335ಇ ಅರ್ಧ ಆಯಿತು. ದೊಮ್ಮಲೂರುವರೆಗೆ. ಎರಡು ಸ್ಟಾಪಿನ ಕನ್ನಡ ಹೆಸರು ಬೋರ್ಡಿನ ಮೇಲೆ ಒಂದು ಥರ, ಬಸ್ಸಿನ ಒಳಗೆ ಇನ್ನೊಂದು ಥರ ಇದೆ. ಯಾವುದು ಹಾಕಬೇಕು?

ಕರಡು_ತಿದ್ದುವವ (ಮೈಸೂರು)

ತಮ್ಮಾ, ಬೋರ್ಡಿನ ಮೇಲೆ ಇರುವುದನ್ನು ಹಾಕು. ಇನ್ನೊಂದನ್ನು ‘ಬೇರೆ ಹೆಸರು’ ಅನ್ನುವ ಕಡೆ ಸೇರಿಸು. ಎರಡೂ ಉಳಿಯಲಿ.

ಹೊಸಬಳು ಅವರೇ, ನೋಟ್‌ಬುಕ್ಕಿನಲ್ಲಿ ಒಳ್ಳೆಯ ದಿನಗಳನ್ನೂ ಬರೆಯಿರಿ. ಯಾವುದರಿಂದ ಶಕ್ತಿ ಬಂತು ಅನ್ನುವುದು ನನಗೆ ಎಂಟು ತಿಂಗಳವರೆಗೆ ಹೊಳೆದಿರಲಿಲ್ಲ, ಬರೀ ಕಳೆದದ್ದನ್ನೇ ಬರೆಯುತ್ತಿದ್ದೆ.

ನಾಲ್ಕೆಳೆ ಅವರೇ, ನಿಮ್ಮ ಪುಸ್ತಕದ ಬರಹ ಕಳಿಸಿದ್ದಕ್ಕೆ ಥ್ಯಾಂಕ್ಸ್. ಗಂಟೆ ಲೆಕ್ಕಕ್ಕೆ ದುಡ್ಡು ಕೊಡುತ್ತೇನೆ ಅಂದಿರಿ, ಒಪ್ಪಿದೆ. ಮೊದಲ ಫಾರಂ ನೋಡಿ ಆಯಿತು. ಅರ್ಕಾವೊತ್ತು ಏಳು ಕಡೆ ಒಂಬತ್ತು ಆಗಿತ್ತು, ಸರಿ ಮಾಡಿದ್ದೇನೆ. 11ನೇ ಪುಟದಲ್ಲಿ ‘ಗವಂತಿ’ ಅಂತಲೂ 14ರಲ್ಲಿ ‘ಗಾವಂತಿ’ ಅಂತಲೂ ಇದೆ. ಯಾವುದು ಇಟ್ಟುಕೊಳ್ಳಲಿ?

ನಾಲ್ಕೆಳೆ (ಧಾರವಾಡ)

ಗವಂತಿ. ಅಜ್ಜಿ ಹಾಗೇ ಅನ್ನುತ್ತಿದ್ದಳು.